ಸಮಯವನ್ನು ಅಮಾನತ್ತಾಗಿ ಕಂಡ ಇಮಾಮ್ ತಬರಿ(ರ)

ಅಲ್ಲಾಹನು ಮನುಷ್ಯನಿಗೆ ದಯಪಾಲಿಸಿರುವ ಅನುಗ್ರಹಗಳು ಎಣಿಕೆಗೆ ನಿಲುಕದಷ್ಟಿವೆ. ಅವುಗಳಲ್ಲಿ ಎರಡರ ವಿಷಯದಲ್ಲಿ ಹೆಚ್ಚಿನ ಜನರು ನಷ್ಟಕ್ಕೊಳಗಾಗುತ್ತಾರೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಒಂದು ಆರೋಗ್ಯ, ಇನ್ನೊಂದು ಬಿಡುವು. ವೃದ್ಧಾಪ್ಯ ಬರುವುದಕ್ಕೆ ಮುಂಚೆ ಯೌವನವನ್ನು, ರೋಗ ಬರುವುದಕ್ಕೆ ಮುಂಚೆ ಆರೋಗ್ಯವನ್ನು, ಮರಣ ಬರುವುದಕ್ಕೆ ಮುಂಚೆ ಜೀವನವನ್ನು ಸದುಪಯೋಗಪಡಿಸಿಕೊಳ್ಳಬೇಕೆಂದೂ ಅವರು ಉಪದೇಶಿಸಿದ್ದಾರೆ. ಈ ಮಾತುಗಳನ್ನು ನೀವು ಜುಮಾ ಖುತ್ಬಾಗಳಲ್ಲಿ ಅನೇಕ ಬಾರಿ ಕೇಳಿರುತ್ತೀರಿ. ಆದರೆ ಕೇಳುವುದು ಬೇರೆ, ಅದರಂತೆ ಬಾಳುವುದು ಬೇರೆ.

ಇಂದು ನಮ್ಮ ಕೈಯಲ್ಲಿ ಮೊಬೈಲ್ ಫೋನ್ ಇದೆ. ಕೇಳಿದ್ದನ್ನು ಧ್ವನಿಮುದ್ರಿಸಿಕೊಳ್ಳಲು, ಓದಿದ್ದನ್ನು ಗುರುತು ಹಾಕಿಡಲು, ದಿನದ ಕೆಲಸಗಳ ಪಟ್ಟಿ ಮಾಡಲು ಅದರಲ್ಲಿ ಬಗೆಬಗೆಯ ಆ್ಯಪ್‌ಗಳಿವೆ. ಒಂದು ಒಳ್ಳೆಯ ಪ್ರವಚನ ಸಿಕ್ಕಿದರೆ ಕೂಡಲೇ ಉಳಿಸಿಡುತ್ತೇವೆ. ಒಂದು ಪುಸ್ತಕದ ಪಿಡಿಎಫ್ ಬಂದರೆ ಮುಂದೆ ಓದಿದರಾಯಿತೆಂದು ತೆಗೆದಿರಿಸುತ್ತೇವೆ. ಹೀಗೆ ತೆಗೆದಿರಿಸಿದ ನೂರಾರು ಸಂಗತಿಗಳಲ್ಲಿ ಮತ್ತೆ ತೆರೆದು ನೋಡಿದವು ಎಷ್ಟು? ಓದಿದವು ಎಷ್ಟು? ಆಚರಣೆಗೆ ಬಂದವು ಎಷ್ಟು? ನೀವೇ ಒಮ್ಮೆ ಲೆಕ್ಕ ಹಾಕಿ ನೋಡಿ. ಸಲಕರಣೆಗಳು ಹೆಚ್ಚಿದಷ್ಟೂ ಸಮಯ ಸಾಲುತ್ತಿಲ್ಲವೆಂಬ ದೂರು ಹೆಚ್ಚುತ್ತಿದೆ.

ಜೊಂಡಿನ ಲೇಖನಿ, ಮಸಿಕುಡಿಕೆ ಮತ್ತು ದೀಪದ ಬೆಳಕು ಇವಿಷ್ಟನ್ನೇ ನಂಬಿ, ಸುಮಾರು 85 ವರ್ಷ ಬಾಳಿ, ಕೊನೆಯ ಉಸಿರಿನ ತನಕ ಬರೆಯುತ್ತಲೇ ಇದ್ದ ಒಬ್ಬ ಮಹಾನ್ ವಿದ್ವಾಂಸರ ಬದುಕು ಈ ದೃಷ್ಟಿಯಿಂದ ನಮಗೆ ಒಂದು ಕನ್ನಡಿಯಾಗಿದೆ. ಅವರೇ ಇಮಾಮ್ ಅಬೂ ಜಅ್‌ಫರ್ ಮುಹಮ್ಮದ್ ಬಿನ್ ಜರೀರ್ ತಬರಿ(ರ). ಕುರ್‌ಆನಿನ ವ್ಯಾಖ್ಯಾನ ಮತ್ತು ಇತಿಹಾಸ, ಇವೆರಡು ಕ್ಷೇತ್ರಗಳಲ್ಲೂ ಅವರ ಹೆಸರನ್ನು ಹೇಳದೆ ಮುಂದೆ ಹೋಗಲು ಸಾಧ್ಯವಿಲ್ಲ.

ಬಾಲ್ಯ

ಕ್ಯಾಸ್ಪಿಯನ್ ಸಮುದ್ರದ ದಕ್ಷಿಣಕ್ಕಿರುವ ತಬರಿಸ್ತಾನದ ಆಮುಲ್ ಪಟ್ಟಣದಲ್ಲಿ ಅವರು ಜನಿಸಿದರು. ಈ ಪ್ರದೇಶ ಇಂದಿನ ಇರಾನಿನಲ್ಲಿದೆ. ಹಿಜರಿ 224ರ ಕೊನೆಯಲ್ಲೋ 225ರ ಆರಂಭದಲ್ಲೋ, ಅಂದರೆ ಕ್ರಿ.ಶ. 839ರ ಆಸುಪಾಸಿನಲ್ಲಿ ಅವರ ಜನನವಾಯಿತು. ಜಗತ್ತಿನ ಘಟನೆಗಳನ್ನೆಲ್ಲ ವರ್ಷ ವರ್ಷವಾಗಿ ಜೋಡಿಸಿಟ್ಟ ಇತಿಹಾಸಕಾರರ ಸ್ವಂತ ಹುಟ್ಟಿದ ವರ್ಷವೇ ಖಚಿತವಿಲ್ಲದಿರುವುದು ಸೋಜಿಗದ ಸಂಗತಿ. ಒಬ್ಬ ಶಿಷ್ಯರು ಈ ಕುರಿತು ಕೇಳಿದಾಗ ಇಮಾಮರೇ ಕಾರಣ ತಿಳಿಸಿದರು. ಅವರ ಊರಿನವರು ವರ್ಷದ ಲೆಕ್ಕ ಇಡುತ್ತಿರಲಿಲ್ಲ. ಊರಲ್ಲಿ ನಡೆದ ಯಾವುದಾದರೂ ದೊಡ್ಡ ಘಟನೆಯನ್ನು ಹಿಡಿದು, ಆ ಸಮಯದಲ್ಲಿ ಹುಟ್ಟಿದ ಮಗು ಎಂದು ನೆನಪಿಡುತ್ತಿದ್ದರು. ಮುಂದೆ ವಿಚಾರಿಸಿದಾಗ ಆ ಘಟನೆ ನಡೆದ ವರ್ಷ ಯಾವುದೆಂಬುದರಲ್ಲೇ ಜನರಿಗೆ ಭಿನ್ನಾಭಿಪ್ರಾಯವಿತ್ತು. ಬರೆದಿಡದ ಸಂಗತಿ ಎಷ್ಟು ಬೇಗ ಮಸುಕಾಗುತ್ತದೆ ಎಂಬುದಕ್ಕೆ ಅವರ ಜನನವೇ ಸಾಕ್ಷಿಯಾಯಿತು.

ತಂದೆ ಜರೀರ್ ಸ್ವಲ್ಪ ಜಮೀನು ಹೊಂದಿದ್ದ ಸಾಮಾನ್ಯ ಗೃಹಸ್ಥರು. ಮಗನು ಪ್ರವಾದಿವರ್ಯರ(ಸ) ಮುಂದೆ ನಿಂತು ಚೀಲದಲ್ಲಿದ್ದ ಕಲ್ಲುಗಳನ್ನು ಎಸೆಯುತ್ತಿರುವಂತೆ ಅವರಿಗೊಂದು ಕನಸು ಬಿತ್ತು. ಈ ಹುಡುಗ ದೊಡ್ಡವನಾಗಿ ಪ್ರವಾದಿಯವರ(ಸ) ಶರೀಅತ್ತನ್ನು ರಕ್ಷಿಸುವನೆಂದು ಕನಸಿನ ಅರ್ಥ ಬಲ್ಲವರು ಹೇಳಿದರು. ಅಂದಿನಿಂದ ತಂದೆ ಮಗನ ವಿದ್ಯಾಭ್ಯಾಸಕ್ಕೆ ಟೊಂಕ ಕಟ್ಟಿ ನಿಂತರು. ಏಳನೇ ವಯಸ್ಸಿಗೆ ಮಗು ಕುರ್‌ಆನ್ ಕಂಠಪಾಠ ಮಾಡಿತು. ಎಂಟನೇ ವಯಸ್ಸಿಗೆ ನಮಾಝಿಗೆ ನೇತೃತ್ವ ನೀಡಿತು. ಒಂಬತ್ತನೇ ವಯಸ್ಸಿಗೆ ಹದೀಸ್ ಬರೆದುಕೊಳ್ಳತೊಡಗಿತು. ಹನ್ನೆರಡು ತುಂಬಿದಾಗ ಹಿಜರಿ 236ರಲ್ಲಿ ಬಾಲಕ ಮನೆಬಿಟ್ಟು ವಿದ್ಯೆಗಾಗಿ ಹೊರಟನು. ತನ್ನ ಬಳಿಯಿಂದ ದೂರ ಹೋಗುವ ಮಗನಿಗೆ ತಂದೆ ತಡೆ ಒಡ್ಡಲಿಲ್ಲ. ತಾನು ಬದುಕಿರುವ ತನಕ ಅವನ ಖರ್ಚಿಗೆ ಹಣ ಕಳುಹಿಸುತ್ತಲೇ ಇದ್ದರು. ಇಮಾಮ್ ತಬರಿಯವರ ಸಾಧನೆಯಲ್ಲಿ ಈ ತಂದೆಯ ಪಾಲೂ ಇದೆ ಎಂಬುದನ್ನು ಮಕ್ಕಳಿರುವ ಪ್ರತಿಯೊಬ್ಬರೂ ಗಮನಿಸಬೇಕು.

ಬರೆದುದನ್ನು ಮರಳಿ ನೋಡುವ ಅಭ್ಯಾಸ

ಮೊದಲು ಅವರು ಇಂದಿನ ತೆಹರಾನ್ ಸಮೀಪವಿರುವ ರಯ್ಯ್ ನಗರಕ್ಕೆ ಹೋದರು. ಅಲ್ಲಿ ಇಬ್ನು ಹುಮೈದ್ ಎಂಬ ಗುರುಗಳಿದ್ದರು. ಅವರು ಪಾಠ ಹೇಳಿ ಸುಮ್ಮನಿರುತ್ತಿರಲಿಲ್ಲ. ರಾತ್ರಿ ಹಲವು ಬಾರಿ ವಿದ್ಯಾರ್ಥಿಗಳ ಬಳಿಗೆ ಬಂದು, ಅಂದು ಬರೆದುಕೊಂಡದ್ದೇನೆಂದು ಕೇಳಿ, ಅದನ್ನು ಮತ್ತೊಮ್ಮೆ ಓದಿಸುತ್ತಿದ್ದರು. ಅದೇ ಸಮಯದಲ್ಲಿ ಇನ್ನೊಬ್ಬ ಗುರು ನಗರದಿಂದ ದೂರದ ಹಳ್ಳಿಯೊಂದರಲ್ಲಿದ್ದರು. ಅವರ ಪಾಠ ಮುಗಿದ ಕೂಡಲೇ ವಿದ್ಯಾರ್ಥಿಗಳು ಹುಚ್ಚರಂತೆ ಓಡಿ ಬಂದು ಇಬ್ನು ಹುಮೈದರ ಪಾಠಕ್ಕೆ ಸೇರಿಕೊಳ್ಳುತ್ತಿದ್ದರು.

ಅಲ್ಲಿಂದ ಅವರು ಬಗ್ದಾದಿಗೆ ಹೊರಟರು. ಇಮಾಮ್ ಅಹ್ಮದ್ ಬಿನ್ ಹಂಬಲ್(ರ) ಅವರಿಂದ ಹದೀಸ್ ಕಲಿಯಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ ಅವರು ತಲುಪುವುದಕ್ಕೆ ಸ್ವಲ್ಪ ಮುಂಚೆ, ಹಿಜರಿ 241ರಲ್ಲಿ, ಆ ಮಹಾತ್ಮರು ನಿಧನರಾಗಿದ್ದರು. ಸ್ವಲ್ಪ ತಡವೂ ಎಂತಹ ನಷ್ಟ ತರಬಲ್ಲುದೆಂದು ಯುವಕ ತಬರಿ ಅಲ್ಲಿ ಕಂಡರು. ನಿರಾಶರಾಗಿ ಕೂರದೆ ಬಸರಾ, ವಾಸಿತ್, ಕೂಫಾ ನಗರಗಳಿಗೆ ಹೋದರು. ಕೂಫಾದಲ್ಲಿ ಅಬೂ ಕುರೈಬ್ ಎಂಬ ಗುರುಗಳು ಕಟ್ಟುನಿಟ್ಟಿಗೆ ಹೆಸರಾಗಿದ್ದರು. ವಿದ್ಯಾರ್ಥಿಗಳು ಬಾಗಿಲ ಬಳಿ ಸೇರಿದ್ದಾಗ ಅವರು ಕಿಟಕಿಯಿಂದ ತಲೆ ಹೊರಹಾಕಿ, ತನ್ನಿಂದ ಬರೆದುಕೊಂಡದ್ದನ್ನು ನೆನಪಿಟ್ಟವರು ಯಾರಿದ್ದಾರೆಂದು ಕೇಳಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೊನೆಗೆ ತಬರಿಯವರತ್ತ ಬೊಟ್ಟು ಮಾಡಿದರು. ಯಾವ ದಿನ ಯಾವ ಹದೀಸ್ ಹೇಳಿದ್ದರೆಂದು ತಬರಿ ಒಂದೊಂದಾಗಿ ಹೇಳುತ್ತಾ ಹೋದರು. ಅಂದಿನಿಂದ ಆ ಗುರುವಿನ ಮನೆಯ ಬಾಗಿಲು ಅವರಿಗೆ ತೆರೆಯಿತು.

ಇಲ್ಲಿ ನಮಗೊಂದು ಪಾಠವಿದೆ. ಅಂದು ಬಾಗಿಲ ಬಳಿ ನಿಂತಿದ್ದ ಎಲ್ಲರ ಬಳಿಯೂ ಬರಹವಿತ್ತು. ಎಲ್ಲರೂ ಅದೇ ಪಾಠ ಕೇಳಿದ್ದರು. ವ್ಯತ್ಯಾಸವಿದ್ದುದು ಬರೆದುದನ್ನು ಮರಳಿ ನೋಡುವುದರಲ್ಲಿ. ನಮ್ಮ ಮೊಬೈಲಿನಲ್ಲಿ ಉಳಿಸಿಟ್ಟದ್ದು ನಮ್ಮ ಜ್ಞಾನವಲ್ಲ. ಅದು ಬರೇ ದಾಸ್ತಾನು. ಮಲಗುವ ಮುಂಚೆ ಹತ್ತು ನಿಮಿಷ, ಅಂದು ಉಳಿಸಿಟ್ಟದ್ದನ್ನು ತೆರೆದು ಓದುವವನಿಗೆ ಮಾತ್ರ ಅದು ಸ್ವಂತವಾಗುತ್ತದೆ.

ಅವರು ಮುಂದೆ ಹಿಜರಿ 253ರಲ್ಲಿ ಈಜಿಪ್ಟಿಗೆ ಹೋದರು. ಅಲ್ಲಿನ ವಿದ್ವಾಂಸರು ಪ್ರತಿಯೊಬ್ಬರೂ ತಮ್ಮ ತಮ್ಮ ವಿಷಯದಲ್ಲಿ ಅವರನ್ನು ಪರೀಕ್ಷಿಸಿದರು. ಒಬ್ಬರು ಛಂದಸ್ಸಿನ ಕುರಿತು ಪ್ರಶ್ನೆ ಕೇಳಿದರು. ತಬರಿ ಆ ಶಾಸ್ತ್ರವನ್ನು ಓದಿರಲಿಲ್ಲ. ಅಂದು ಆ ವಿಷಯ ಮಾತನಾಡದಿರಲು ನಿಶ್ಚಯಿಸಿರುವುದಾಗಿಯೂ ಮರುದಿನ ಬರಬೇಕೆಂದೂ ಹೇಳಿ ಕಳುಹಿಸಿದರು. ಆ ರಾತ್ರಿ ಗೆಳೆಯರೊಬ್ಬರಿಂದ ಖಲೀಲರ ಛಂದಸ್ಸಿನ ಗ್ರಂಥವನ್ನು ಎರವಲು ತಂದು ಓದಿದರು. ಬೆಳಗಾಗುವಷ್ಟರಲ್ಲಿ ಅವರು ಛಂದಸ್ಸು ಬಲ್ಲವರಾಗಿದ್ದರು. ಅರಿಯದ ವಿಷಯದಲ್ಲಿ ಬಾಯಿ ತೆರೆಯದಿರುವುದು, ಆದರೆ ಅರಿಯದೆಯೇ ಉಳಿಯದಿರುವುದು, ಎರಡನ್ನೂ ಅವರು ಕಲಿತಿದ್ದರು.

ಸಮಯಕ್ಕೊಂದು ಷರತ್ತು

ಇದೆಲ್ಲ ಸುಖದ ದಾರಿಯಾಗಿರಲಿಲ್ಲ. ಒಮ್ಮೆ ತಂದೆಯ ಹಣ ಬರುವುದು ತಡವಾದಾಗ ಅಂಗಿಯ ಎರಡೂ ತೋಳುಗಳನ್ನು ಬಿಚ್ಚಿ ಮಾರಬೇಕಾಯಿತು. ಯೌವನದಲ್ಲಿ ಬಗ್ದಾದಿನಲ್ಲಿ ಕೈಬರಿದಾದಾಗ ಮಂತ್ರಿ ಉಬೈದುಲ್ಲಾಹ್ ಬಿನ್ ಯಹ್ಯಾರ ಮಗನಿಗೆ ಪಾಠ ಹೇಳುವ ಕೆಲಸ ಸಿಕ್ಕಿತು. ತಿಂಗಳಿಗೆ 10 ದೀನಾರ್ ವೇತನ. ಹಸಿದ ಯುವಕನಿಗೆ ಅದು ದೊಡ್ಡ ಮೊತ್ತ. ಆದರೂ ಅವರು ಕೆಲಸಕ್ಕೆ ಸೇರುವ ಮುಂಚೆ ಷರತ್ತು ಹಾಕಿದರು. ತನ್ನ ಕಲಿಕೆಗೆ, ನಮಾಝಿಗೆ, ಊಟ ಮತ್ತು ವಿಶ್ರಾಂತಿಗೆ ಇಂತಿಷ್ಟು ಸಮಯ ತನ್ನದೇ ಆಗಿರಬೇಕು ಎಂಬುದೇ ಆ ಷರತ್ತು. ಮಂತ್ರಿ ಒಪ್ಪಿಕೊಂಡರು.

ಸ್ವಲ್ಪ ದಿನಗಳಲ್ಲಿ ಹುಡುಗ ಬರೆಯಲು ಕಲಿತನು. ಮನೆಯ ಹೆಂಗಸರು ಸಂತೋಷದಿಂದ ತಟ್ಟೆಗಳಲ್ಲಿ ದಿರ್ಹಮ್ ದೀನಾರ್‌ಗಳನ್ನು ತುಂಬಿ ಗುರುವಿಗೆ ಕಳುಹಿಸಿದರು. ತಬರಿ ಅದನ್ನು ಮುಟ್ಟಲಿಲ್ಲ. ತನಗೂ ಮಂತ್ರಿಗೂ ಆಗಿರುವ ಕರಾರು ನಿಗದಿತ ವೇತನದ್ದು, ಅದಕ್ಕಿಂತ ಹೆಚ್ಚಿನದು ತನಗೆ ಸಲ್ಲದು ಎಂದು ಹಿಂದಿರುಗಿಸಿದರು. ದುಡಿಮೆಗೆ ಬೆಲೆ ಪಡೆಯುವುದು ಹಲಾಲ್. ಆದರೆ ಉಡುಗೊರೆಯ ಋಣ ಕ್ರಮೇಣ ಮನುಷ್ಯನ ಸಮಯವನ್ನೂ ನಾಲಗೆಯನ್ನೂ ಕೊಂಡುಕೊಳ್ಳುತ್ತದೆ.

ದಿನಚರಿ

ಕೊನೆಗೆ ಅವರು ಬಗ್ದಾದಿನಲ್ಲಿ ನೆಲೆಸಿದರು. ತಂದೆಯಿಂದ ಬಂದ ಜಮೀನಿನ ಸಣ್ಣ ಆದಾಯದಲ್ಲಿ ಮಿತವಾಗಿ ಬದುಕಿದರು. ಅವರು ವಿವಾಹವಾಗಲಿಲ್ಲ. ವಿವಾಹ ಪ್ರವಾದಿಯವರ(ಸ) ಸುನ್ನತ್ತಾಗಿದೆ, ಆದ್ದರಿಂದ ಈ ಒಂದು ವಿಷಯ ನಮಗೆ ಅನುಕರಣೀಯವಲ್ಲ. ಆದರೆ ಅವರು ತಮ್ಮ ದಿನವನ್ನು ಹಂಚಿಕೊಂಡ ರೀತಿ ಸಂಸಾರಸ್ಥರಿಗೂ ಮಾದರಿಯಾಗಿದೆ.

ಶಿಷ್ಯರು ಆ ದಿನಚರಿಯನ್ನು ದಾಖಲಿಸಿದ್ದಾರೆ. ಊಟದ ಬಳಿಕ ಅವರು ಸ್ವಲ್ಪ ಹೊತ್ತು ಮಲಗುತ್ತಿದ್ದರು. ಬಗ್ದಾದಿನ ಬೇಸಿಗೆಯಲ್ಲಿ ಗಿಡ್ಡ ತೋಳಿನ ತೆಳು ಅಂಗಿ ತೊಟ್ಟು ತಂಪಾದ ಕೋಣೆಯಲ್ಲಿ ವಿಶ್ರಮಿಸುತ್ತಿದ್ದರು. ಎದ್ದು ಝುಹರ್ ನಮಾಝ್ ಮಾಡಿ ಅಸರ್ ತನಕ ಬರೆಯುತ್ತಿದ್ದರು. ಅಸರ್‌ಗೆ ಮಸೀದಿಗೆ ಹೋಗಿ ಮಗ್ರಿಬ್ ತನಕ ಜನರಿಗೆ ಪಾಠ ಹೇಳುತ್ತಿದ್ದರು. ಮಗ್ರಿಬ್‌ನಿಂದ ಇಶಾ ತನಕ ಕರ್ಮಶಾಸ್ತ್ರದ ತರಗತಿ. ಇಶಾ ಬಳಿಕ ಮನೆ. ಬರೆಯುವ ಹೊತ್ತಿನಲ್ಲಿ ಮುಖ್ಯ ಕಾರಣವಿಲ್ಲದೆ ಯಾರಿಗೂ ಒಳಗೆ ಪ್ರವೇಶವಿರಲಿಲ್ಲ. ರಾತ್ರಿ ಕುರ್‌ಆನ್ ಪಾರಾಯಣದ ತಮ್ಮ ಪಾಲನ್ನು ಅವರು ಬಿಡುತ್ತಿರಲಿಲ್ಲ. ಆ ಕಾಲದ ಪ್ರಸಿದ್ಧ ಖಾರಿ ಇಬ್ನು ಮುಜಾಹಿದ್ ರಮಝಾನಿನ ಒಂದು ರಾತ್ರಿ ತರಾವೀಹ್‌ಗೆ ಹೊರಟವರು ತಮ್ಮ ಮಸೀದಿಯನ್ನು ದಾಟಿ, ತಬರಿಯವರ ಮಸೀದಿಯ ಬಾಗಿಲಲ್ಲಿ ನಿಂತು, ಅವರು ಓದುತ್ತಿದ್ದ ಸೂರಃ ಅರ್‍ರಹ್ಮಾನ್ ಕೇಳುತ್ತಾ ಮೈಮರೆತದ್ದುಂಟು.

ಈ ದಿನಚರಿಯಲ್ಲಿ ಹಗಲನ್ನು ಕಟ್ಟಿ ನಿಲ್ಲಿಸಿದ ಕಂಬಗಳು ಯಾವುವೆಂದು ಗಮನಿಸಿದಿರಾ? ಐದು ಹೊತ್ತಿನ ನಮಾಝ್‌ಗಳು. ಸಮಯ ನಿರ್ವಹಣೆಗೆಂದು ಇಂದು ತರಬೇತಿ ಶಿಬಿರಗಳಿಗೆ ಹಣ ತೆರುವ ನಾವು, ಅಲ್ಲಾಹನು ಪ್ರತಿದಿನ ಐದು ಬಾರಿ ಉಚಿತವಾಗಿ ನೀಡುವ ಈ ವೇಳಾಪಟ್ಟಿಯನ್ನು ಮರೆಯುತ್ತೇವೆ. ಝುಹರ್‌ನಿಂದ ಅಸರ್ ತನಕ ಒಂದು ಕೆಲಸ, ಅಸರ್‌ನಿಂದ ಮಗ್ರಿಬ್ ತನಕ ಇನ್ನೊಂದು ಕೆಲಸ ಎಂದು ನಿಶ್ಚಯಿಸಿ ನೋಡಿ. ಆ ಹೊತ್ತಿನಲ್ಲಿ ಮೊಬೈಲಿನ ಗಂಟೆಗೂ ಬಾಗಿಲು ಮುಚ್ಚಿ. ಮುಖ್ಯ ಕಾರಣವಿದ್ದವರು ಮಾತ್ರ ಒಳಗೆ ಬರಲಿ.

ಮೂವತ್ತು ಸಾವಿರದಿಂದ ಮೂರು ಸಾವಿರಕ್ಕೆ

ಇಮಾಮ್ ತಬರಿಯವರು ಎಷ್ಟು ಬರೆದರು? ನಲ್ವತ್ತು ವರ್ಷಗಳ ಕಾಲ ದಿನಕ್ಕೆ 40 ಹಾಳೆಗಳಂತೆ ಬರೆದರೆಂದು ಒಂದು ವರದಿಯಿದೆ. ಇನ್ನೊಂದೆಡೆ, ಅವರ ಶಿಷ್ಯರು ಗುರುಗಳ ಪ್ರಾಯಪ್ರಾಪ್ತಿಯಿಂದ ಮರಣದ ತನಕದ ದಿನಗಳನ್ನು ಎಣಿಸಿ, ಗ್ರಂಥಗಳ ಹಾಳೆಗಳನ್ನು ಆ ದಿನಗಳಿಗೆ ಹಂಚಿದಾಗ ದಿನಕ್ಕೆ 14 ಹಾಳೆಗಳು ಬಂದುವು. ಎರಡು ಲೆಕ್ಕಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಚಿಕ್ಕ ಲೆಕ್ಕವನ್ನೇ ಹಿಡಿದರೂ, ಪ್ರಯಾಣ ಮತ್ತು ಕಾಯಿಲೆಯ ದಿನಗಳೂ ಸೇರಿದಂತೆ ಬದುಕಿಡೀ ದಿನಕ್ಕೆ ಹದಿನಾಲ್ಕು ಹಾಳೆ ಎಂಬುದು ಊಹೆಗೆ ನಿಲುಕುವ ಮಾತಲ್ಲ.

ಆದರೆ ಬರೆದ ಪ್ರಮಾಣಕ್ಕಿಂತಲೂ ದೊಡ್ಡದು ಅವರು ಬಿಟ್ಟುಕೊಟ್ಟ ಪ್ರಮಾಣ. ಕುರ್‌ಆನ್ ವ್ಯಾಖ್ಯಾನ ಆರಂಭಿಸುವ ಮುಂಚೆ ಮೂರು ವರ್ಷ ಅವರು ಇಸ್ತಿಖಾರ ನಡೆಸಿ ಅಲ್ಲಾಹನ ನೆರವು ಬೇಡಿದರು. ಬಳಿಕ ಶಿಷ್ಯರನ್ನು ಕರೆದು, 30,000 ಹಾಳೆಗಳ ತಫ್ಸೀರ್ ಬರೆದುಕೊಳ್ಳಲು ಸಿದ್ಧರಿದ್ದೀರಾ ಎಂದು ಕೇಳಿದರು. ಅದು ಮುಗಿಯುವ ಮುಂಚೆ ತಮ್ಮ ಆಯುಷ್ಯವೇ ಮುಗಿಯುವುದೆಂದು ಶಿಷ್ಯರು ಹೇಳಿದರು. ಜನರ ಉತ್ಸಾಹ ಸತ್ತುಹೋಯಿತಲ್ಲಾ ಎಂದು ಗುರುಗಳು ಮರುಗಿದರು. ಆದರೆ ಹಟ ಹಿಡಿಯಲಿಲ್ಲ. 3,000 ಹಾಳೆಗಳಿಗೆ ಇಳಿಸಿದರು. ಇತಿಹಾಸ ಗ್ರಂಥದ ವಿಷಯದಲ್ಲೂ ಹೀಗೆಯೇ ನಡೆಯಿತು. ಹತ್ತರಲ್ಲಿ ಒಂಬತ್ತು ಪಾಲನ್ನು ಬದಿಗಿಟ್ಟು ಒಂದು ಪಾಲನ್ನು ಜನರಿಗೆ ತಲುಪಿಸಿದ್ದರಿಂದಲೇ ಅದು ಇಂದು ನಮ್ಮ ಕೈಯಲ್ಲಿದೆ. ಎಲ್ಲವನ್ನೂ ಕೂಡಿಡಬೇಕೆಂಬ ಆಸೆ ಲೋಭದ ಒಂದು ರೂಪ. ಆಯ್ದು ಕೊಡುವುದರಲ್ಲಿ ಬರ್ಕತ್ ಇದೆ.

ಅವರ ಬರಹದ ಇನ್ನೊಂದು ಗುಣವನ್ನು ನೀವು ವಿಶೇಷವಾಗಿ ಗಮನಿಸಬೇಕು. ಅವರು ಸಾಮಾನ್ಯವಾಗಿ ಮೂಲವನ್ನು ಹೇಳಿಯೇ ಬರೆಯುತ್ತಿದ್ದರು. ಯಾರು ಯಾರಿಂದ ಕೇಳಿದರು, ಅವರು ಯಾರಿಂದ ಕೇಳಿದರು ಎಂಬ ಸನದನ್ನು ವರದಿಗಳ ಮುಂದೆ ಇಟ್ಟರು. ಒಂದೇ ಘಟನೆಗೆ ಎರಡು ಮೂರು ವರದಿಗಳಿದ್ದರೆ ಎಲ್ಲವನ್ನೂ ಕೊಟ್ಟರು. ತನ್ನ ಇತಿಹಾಸದಲ್ಲಿ ಓದುಗನಿಗೆ ಒಪ್ಪಿಗೆಯಾಗದ ಸಂಗತಿ ಕಂಡರೆ, ಅದು ತಾನು ಹುಟ್ಟಿಸಿದ್ದಲ್ಲ, ತನಗೆ ತಲುಪಿದಂತೆ ತಲುಪಿಸಿದ್ದೇನೆ ಎಂದು ಮುನ್ನುಡಿಯಲ್ಲೇ ತಿಳಿಸಿದರು. ಮೂಲ ಗೊತ್ತಿಲ್ಲದ ಸಂದೇಶಗಳನ್ನು ಹದೀಸ್ ಎಂದು, ವೈದ್ಯಕೀಯ ಸಲಹೆ ಎಂದು ವಾಟ್ಸ್ಆ್ಯಪ್‌ನಲ್ಲಿ ಒಂದು ಬೆರಳಿನಿಂದ ನೂರು ಜನರಿಗೆ ಕಳುಹಿಸುವ ನಮಗೆ ಈ ಎಚ್ಚರ ಬೇಡವೇ? ನೀವು ಏನನ್ನಾದರೂ ಬರೆದಿಡುವಾಗ ಯಾವ ಪುಸ್ತಕದಿಂದ, ಯಾರ ಬಾಯಿಂದ, ಯಾವ ದಿನ ಎಂಬ ಒಂದು ಸಾಲನ್ನೂ ಸೇರಿಸಿರಿ. ಮೂಲ ಸಿಗದಿದ್ದರೆ ಮುಂದಕ್ಕೆ ಕಳುಹಿಸಬೇಡಿರಿ.

ಆಹಾರ ಮತ್ತು ಆರೋಗ್ಯ

ಒಂದು ವರದಿಯ ಪ್ರಕಾರ ಅವರು ತಫ್ಸೀರನ್ನು ಹೇಳಿ ಬರೆಯಿಸಿದ್ದು ಹಿಜರಿ 283ರಿಂದ 290ರ ತನಕ. ಇತಿಹಾಸದ ಪಾಠ ಮುಗಿದದ್ದು ಹಿಜರಿ 303ರಲ್ಲಿ, ಅಂದರೆ ಕ್ರಿ.ಶ. 915ರಲ್ಲಿ. ಹಾಗಾದರೆ ಮೊದಲನೆಯದು ಅವರ 58ರಿಂದ 66ರ ವಯಸ್ಸಿನ ಕೆಲಸ. ಎರಡನೆಯದು ಮುಗಿದಾಗ ಅವರಿಗೆ 78. ನಮ್ಮ ರಾಜ್ಯದಲ್ಲಿ ಸರಕಾರಿ ನೌಕರರು 60ಕ್ಕೆ ನಿವೃತ್ತರಾಗುತ್ತಾರೆ. ಆ ವಯಸ್ಸಿನಲ್ಲಿ ಅವರ ಬದುಕಿನ ಮುಖ್ಯ ಕೆಲಸ ಆರಂಭದ ಹಂತದಲ್ಲಿತ್ತು.

ಇದಕ್ಕೆ ದೇಹವೂ ಸಹಕರಿಸಬೇಕು. ಇಮಾಮರು ದೇಹವನ್ನು ಅಲ್ಲಾಹನ ಅಮಾನತ್ತೆಂದು ನೋಡಿಕೊಂಡರು. ಅಲೀ ಬಿನ್ ರಬ್ಬನ್ ತಬರಿ ಎಂಬ ವೈದ್ಯರು ರಚಿಸಿದ ಫಿರ್ದೌಸುಲ್ ಹಿಕ್ಮಃ ಅರಬಿ ಭಾಷೆಯ ಆರಂಭಕಾಲದ ದೊಡ್ಡ ವೈದ್ಯಗ್ರಂಥಗಳಲ್ಲಿ ಒಂದು. ಅದನ್ನು ಸ್ವತಃ ಬರೆದುಕೊಂಡು ತಮ್ಮ ನಮಾಝಿನ ಸ್ಥಳದಲ್ಲೇ ಇಟ್ಟುಕೊಂಡಿದ್ದರು. ಊಟದಲ್ಲಿ ಕೊಬ್ಬನ್ನು ದೂರವಿಟ್ಟು, ಕೊಬ್ಬಿಲ್ಲದ ಕೆಂಪು ಮಾಂಸವನ್ನು ಒಣದ್ರಾಕ್ಷಿಯೊಂದಿಗೆ ಬೇಯಿಸಿ ತಿನ್ನುತ್ತಿದ್ದರು. ದ್ರಾಕ್ಷಿ, ಅಂಜೂರದಂತಹ ಹಣ್ಣುಗಳನ್ನು ಅವುಗಳ ಕಾಲದಲ್ಲಿ ಸೇವಿಸುತ್ತಿದ್ದರು. ಎಳ್ಳು ಮತ್ತು ಜೇನನ್ನು ತನ್ನ ಹೊಟ್ಟೆಗೆ ಒಗ್ಗದೆಂದು ಬಿಟ್ಟಿದ್ದರು. ಒಣ ಖರ್ಜೂರ ಹಲ್ಲು ಮತ್ತು ಕಣ್ಣಿಗೆ ಒಳ್ಳೆಯದಲ್ಲವೆಂದು ಅವರು ಹೇಳಿದಾಗ ಒಬ್ಬರು, ತಾನು ಜೀವಮಾನವಿಡೀ ತಿಂದರೂ ಏನೂ ಆಗಿಲ್ಲವೆಂದು ವಾದಿಸಿದರು. ಅವರ ಹಲ್ಲುಗಳು ಉದುರಿದ್ದುವು, ದೃಷ್ಟಿ ಮಂದವಾಗಿತ್ತು, ದೇಹ ಕೃಶವಾಗಿತ್ತು. ಇದಕ್ಕಿಂತ ಹೆಚ್ಚೇನು ಆಗಬೇಕಿತ್ತೆಂದು ಇಮಾಮರು ನಗುತ್ತಾ ಕೇಳಿದರು.

ಓದುಗರೇ, ಇಲ್ಲಿ ತಪ್ಪು ತಿಳಿಯಬಾರದು. ಜೇನಿನಲ್ಲಿ ಜನರಿಗೆ ಶಮನವಿದೆ ಎಂದು ಸಾರುವ ಸೂಕ್ತಕ್ಕೆ ವ್ಯಾಖ್ಯಾನ ಬರೆದವರೇ ಇಮಾಮ್ ತಬರಿ. ಖರ್ಜೂರ ಪ್ರವಾದಿಯವರ(ಸ) ಪ್ರಿಯ ಆಹಾರವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಹಲಾಲ್ ಆದುದನ್ನು ಅವರು ಹರಾಮ್ ಎನ್ನಲಿಲ್ಲ. ತನ್ನ ದೇಹಕ್ಕೆ ಒಗ್ಗದುದನ್ನು ತಾನು ಬಿಟ್ಟರು, ಅಷ್ಟೇ. ಹಲಾಲ್ ಆಗಿರುವುದೆಲ್ಲ ಎಲ್ಲರಿಗೂ, ಎಲ್ಲ ಪ್ರಾಯದಲ್ಲೂ, ಎಷ್ಟು ಬೇಕಾದರೂ ತಿನ್ನತಕ್ಕದ್ದೆಂದು ಅರ್ಥವಲ್ಲ. ಸಕ್ಕರೆ ಕಾಯಿಲೆಯಿರುವ ತಂದೆತಾಯಿಗೆ ಪ್ರೀತಿಯ ಹೆಸರಲ್ಲಿ ಹಲ್ವ ತಿನ್ನಿಸುವ, ಮದುವೆ ಮನೆಯ ಬಿರಿಯಾನಿಯನ್ನು ಬೇಡವೆಂದರೆ ಕೋಪಿಸಿಕೊಳ್ಳುವ ನಮ್ಮ ಕುಟುಂಬಗಳಲ್ಲಿ ಈ ವಿವೇಕಕ್ಕೆ ಸ್ಥಾನ ಸಿಗಬೇಕು. ಹೊಟ್ಟೆಯ ಮೂರನೇ ಒಂದು ಪಾಲನ್ನಷ್ಟೇ ಆಹಾರಕ್ಕೆ ಮೀಸಲಿಡಬೇಕೆಂದು ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳು ನಾವಲ್ಲವೇ?

ಒಮ್ಮೆ ಅವರು ಕಾಯಿಲೆ ಬಿದ್ದಾಗ ಮಂತ್ರಿ ಅಲೀ ಬಿನ್ ಈಸಾ ಒಬ್ಬ ಕ್ರೈಸ್ತ ವೈದ್ಯರನ್ನು ಕಳುಹಿಸಿದರು. ತನಗೇನಾಗಿದೆ, ಯಾವ ಪಥ್ಯ ಮಾಡಿದ್ದೇನೆ, ಯಾವ ಔಷಧ ತೆಗೆದುಕೊಂಡಿದ್ದೇನೆ ಎಂದು ಇಮಾಮರು ಕ್ರಮವಾಗಿ ವಿವರಿಸಿದರು. ಅದಕ್ಕೆ ಸೇರಿಸಲು ತನ್ನಲ್ಲಿ ಹೆಚ್ಚಿನದೇನೂ ಇಲ್ಲವೆಂದು ವೈದ್ಯರು ಒಪ್ಪಿಕೊಂಡರು. ಅವರ ಮರಣದ ವೇಳೆಗೂ ತಲೆ ಮತ್ತು ಗಡ್ಡದಲ್ಲಿ ಕಪ್ಪು ಕೂದಲು ಬಹಳವಿತ್ತು, ಅವರು ಬಣ್ಣ ಹಚ್ಚುತ್ತಿರಲಿಲ್ಲ ಎಂದು ಕಂಡವರು ದಾಖಲಿಸಿದ್ದಾರೆ.

ಆದರೆ ಆಯುಷ್ಯವು ಪಥ್ಯದ ಕೈಯಲ್ಲಿಲ್ಲ, ಅಲ್ಲಾಹನ ಕೈಯಲ್ಲಿದೆ. ಇಮಾಮ್ ನವವಿ(ರ) ಹಿಜರಿ 676ರಲ್ಲಿ ನಿಧನರಾದಾಗ ಅವರಿಗೆ ಸುಮಾರು 45 ವರ್ಷ. ಅಷ್ಟರಲ್ಲೇ ರಿಯಾದುಸ್ಸಾಲಿಹೀನ್‌ನಂತಹ ಗ್ರಂಥವನ್ನು ನಮಗೆ ಕೊಟ್ಟು ಹೋದರು. ವರ್ಷಗಳ ಸಂಖ್ಯೆ ನಮ್ಮ ಆಯ್ಕೆಯಲ್ಲ, ಅವುಗಳ ಬಳಕೆ ಮಾತ್ರ ನಮ್ಮ ಹೊಣೆ.

ಪದವಿಯ ಮುಂದೆ, ಕಲ್ಲುಗಳ ಮುಂದೆ

ಹಿಜರಿ 299ರಲ್ಲಿ ಮಂತ್ರಿಯಾದ ಖಾಖಾನಿ ಅವರಿಗೆ ದೊಡ್ಡ ಮೊತ್ತದ ಹಣ ಕಳುಹಿಸಿದರು. ಇಮಾಮರು ಸ್ವೀಕರಿಸಲಿಲ್ಲ. ನ್ಯಾಯಾಧೀಶ ಪದವಿಯನ್ನು ನೀಡಿದರು, ಅದನ್ನೂ ನಿರಾಕರಿಸಿದರು. ನೆರೆಹೊರೆಯವರ ಉಡುಗೊರೆಯನ್ನು ಮಾತ್ರ, ಅದಕ್ಕೆ ಸಮನಾದುದನ್ನು ಹಿಂದಿರುಗಿಸಲು ಸಾಧ್ಯವಿದ್ದರೆ ಸ್ವೀಕರಿಸುತ್ತಿದ್ದರು. ಖಲೀಫ ಮುಕ್ತಫೀ ಅವರ ಕಾಲದಲ್ಲಿ ವಕ್ಫ್ ಪತ್ರವೊಂದನ್ನು ಸಿದ್ಧಪಡಿಸಿ ಕೊಟ್ಟಾಗಲೂ ಪ್ರತಿಫಲ ಪಡೆಯಲಿಲ್ಲ. ಒತ್ತಾಯ ಹೆಚ್ಚಿದಾಗ, ಜುಮಾದ ದಿನ ಮಸೀದಿಯ ಮಖ್ಸೂರದೊಳಗೆ ಬೇಡುವವರು ನುಗ್ಗದಂತೆ ವ್ಯವಸ್ಥೆ ಮಾಡಿಸಬೇಕೆಂದಷ್ಟೇ ಕೇಳಿದರು.

ಅವರ ವೃದ್ಧಾಪ್ಯ ಶಾಂತವಾಗಿತ್ತೆಂದು ಭಾವಿಸಬೇಡಿರಿ. ಕರ್ಮಶಾಸ್ತ್ರಜ್ಞರ ಭಿನ್ನಾಭಿಪ್ರಾಯಗಳ ಕುರಿತ ಗ್ರಂಥದಲ್ಲಿ ಇಮಾಮ್ ಅಹ್ಮದ್(ರ) ಅವರನ್ನು ಹದೀಸ್ ವಿದ್ವಾಂಸರೆಂದು ಪರಿಗಣಿಸಿ ಕರ್ಮಶಾಸ್ತ್ರಜ್ಞರ ಸಾಲಿನಲ್ಲಿ ಸೇರಿಸದೆ ಇದ್ದುದು ಬಗ್ದಾದಿನ ಕೆಲವರನ್ನು ಕೆರಳಿಸಿತು. ಅವರು ಇಮಾಮರ ಮನೆಯ ಮೇಲೆ ಕಲ್ಲು ಎಸೆದರು. ಬಾಗಿಲ ಮುಂದೆ ಕಲ್ಲಿನ ರಾಶಿಯೇ ಬಿತ್ತು. ನಗರದ ರಕ್ಷಣಾಧಿಕಾರಿ ಕಾವಲುಗಾರರೊಂದಿಗೆ ಬಂದು ಗುಂಪನ್ನು ಚದುರಿಸಬೇಕಾಯಿತು. ಯಾವ ಇಮಾಮರಿಂದ ಕಲಿಯಲು ಹುಡುಗನಾಗಿದ್ದಾಗ ಬಗ್ದಾದಿಗೆ ಓಡಿ ಬಂದಿದ್ದರೋ, ಅವರ ಹೆಸರಿನಲ್ಲೇ ಮುಪ್ಪಿನಲ್ಲಿ ಕಲ್ಲೇಟು ಬಂತು. ಆದರೂ ಅವರ ಲೇಖನಿ ನಿಲ್ಲಲಿಲ್ಲ. ಮುಸ್ಲಿಮರು ಮುಸ್ಲಿಮ್ ವಿದ್ವಾಂಸರೊಬ್ಬರ ಬಾಗಿಲಲ್ಲಿ ಕಲ್ಲು ರಾಶಿ ಹಾಕಿದ ಈ ಘಟನೆ ನೋವಿನದ್ದಾದರೂ ಮುಚ್ಚಿಡತಕ್ಕದ್ದಲ್ಲ. ಅಭಿಪ್ರಾಯ ಭೇದವನ್ನು ಹಗೆತನವಾಗಿ ಮಾಡಿಕೊಳ್ಳುವ ಚಾಳಿ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಅಂದು ಎಸೆದವರ ಹೆಸರುಗಳು ಯಾರಿಗೂ ನೆನಪಿಲ್ಲ. ಎಸೆಯಲ್ಪಟ್ಟವರ ಗ್ರಂಥಗಳು ಎಲ್ಲ ಗ್ರಂಥಾಲಯಗಳಲ್ಲಿವೆ.

ಕೊನೆಯ ಗಳಿಗೆ

ಮರಣಕ್ಕೆ ಕೆಲವು ತಿಂಗಳ ಮುಂಚೆ ಅವರು ಒಬ್ಬ ಪುಸ್ತಕ ವ್ಯಾಪಾರಿಗೆ, ಖಿಯಾಸ್ ವಿಷಯದ ಗ್ರಂಥಗಳನ್ನು ಕೂಡಿಸಿ ತರಲು ಹೇಳಿದರು. ಆತ ಮೂವತ್ತಕ್ಕಿಂತ ಹೆಚ್ಚು ಪುಸ್ತಕಗಳನ್ನು ತಂದುಕೊಟ್ಟರು. ಅವು ಹಿಂದಿರುಗಿ ಬಂದಾಗ ಒಳಗೆಲ್ಲ ಕೆಂಪು ಮಸಿಯ ಗುರುತುಗಳಿದ್ದುವು. ಎಂಬತ್ತು ದಾಟಿದ ವೃದ್ಧರು ಹೊಸದೊಂದು ಗ್ರಂಥಕ್ಕಾಗಿ ಪುಟಪುಟವನ್ನೂ ಓದಿ ಗುರುತು ಹಾಕಿದ್ದರು. ಆ ಗ್ರಂಥ ಬರೆಯಲು ಆಯುಷ್ಯ ಉಳಿಯಲಿಲ್ಲ. ಹದೀಸ್‌ಗಳ ಕುರಿತ ಅವರ ತಹ್ಝೀಬುಲ್ ಆಸಾರ್ ಕೂಡ ಅಪೂರ್ಣವಾಗಿಯೇ ಉಳಿಯಿತು. ಕೆಲಸ ಮುಗಿಸುವುದು ದಾಸನ ಕೈಯಲ್ಲಿಲ್ಲ, ತೊಡಗಿರುವುದು ಮಾತ್ರ ಅವನ ಕೈಯಲ್ಲಿದೆ.

ಹಿಜರಿ 310ರ ಶವ್ವಾಲ್ ತಿಂಗಳು, ಕ್ರಿ.ಶ. 923ರ ಫೆಬ್ರವರಿ. ಪಕ್ಕೆಯ ನೋವಿನ ಹಳೆಯ ಕಾಯಿಲೆ ಉಲ್ಬಣಿಸಿತ್ತು. ಕೊನೆಯ ದಿನ ಝುಹರ್‌ಗೆ ವುಝೂ ನವೀಕರಿಸಲು ನೀರು ಕೇಳಿದರು. ಝುಹರನ್ನು ತಡಮಾಡಿ ಅಸರ್‌ನೊಂದಿಗೆ ಸೇರಿಸಿ ಮಾಡಬಹುದಲ್ಲವೇ ಎಂದು ಬಳಿಯಿದ್ದವರು ಸೂಚಿಸಿದರು. ಅವರು ಒಪ್ಪಲಿಲ್ಲ. ಎರಡನ್ನೂ ಅವುಗಳ ವೇಳೆಯಲ್ಲೇ ಪೂರ್ಣವಾಗಿ ನಿರ್ವಹಿಸಿದರು. ಮರಣಕ್ಕೆ ಸ್ವಲ್ಪ ಹೊತ್ತಿನ ಮುಂಚೆ ಯಾರೋ ಒಂದು ದುಆವನ್ನು ಪ್ರಸ್ತಾಪಿಸಿದರು. ಅವರು ಕೇಳದೆ ಇದ್ದ ದುಆ ಅದು. ಕೂಡಲೇ ಮಸಿಕುಡಿಕೆ ಮತ್ತು ಕಾಗದ ತರಿಸಿ ಬರೆದುಕೊಂಡರು. ಈ ಸ್ಥಿತಿಯಲ್ಲೂ ಬರೆಯಬೇಕೇ ಎಂದು ಬಳಿಯಿದ್ದವರು ಅಚ್ಚರಿಪಟ್ಟಾಗ, ಸಾಯುವ ತನಕ ಮನುಷ್ಯನು ಜ್ಞಾನ ಸಂಪಾದನೆಯನ್ನು ಬಿಡತಕ್ಕದ್ದಲ್ಲವೆಂದು ತಿಳಿಸಿದರು. ಆ ಬಳಿಕ ಹೆಚ್ಚು ಹೊತ್ತು ಅವರು ಬದುಕಲಿಲ್ಲ.

ಅವರನ್ನು ಅವರ ಮನೆಯಲ್ಲೇ ದಫನ ಮಾಡಲಾಯಿತು. ಯಾರಿಗೂ ಸಾರಿ ಹೇಳದಿದ್ದರೂ ಲೆಕ್ಕವಿಲ್ಲದಷ್ಟು ಜನರು ಸೇರಿದರೆಂದೂ ತಿಂಗಳುಗಟ್ಟಲೆ ಅವರ ಸಮಾಧಿಯ ಬಳಿ ಜನಾಝಾ ನಮಾಝ್ ನಡೆಯಿತೆಂದೂ ಬಗ್ದಾದಿನ ಇತಿಹಾಸಕಾರ ಖತೀಬ್ ಬರೆದಿದ್ದಾರೆ. ಅವರ ತಫ್ಸೀರ್ ಜಾಮಿಉಲ್ ಬಯಾನ್ ಬಹುಕಾಲ ಪೂರ್ಣರೂಪದಲ್ಲಿ ಮುದ್ರಣ ಕಾಣದೆ, 1903ರಲ್ಲಿ ಕೈರೋದಲ್ಲಿ 30 ಭಾಗಗಳಲ್ಲಿ ಪ್ರಕಟವಾಯಿತು. ಇತಿಹಾಸ ಗ್ರಂಥದ ಇಂಗ್ಲಿಷ್ ಅನುವಾದ 1985ರಿಂದ 2007ರ ತನಕ, ಸೂಚಿಯೂ ಸೇರಿ 40 ಸಂಪುಟಗಳಲ್ಲಿ ಹೊರಬಂತು. ಶಿಷ್ಯರಿಗಾಗಿ ಹತ್ತನೇ ಒಂದಕ್ಕೆ ಇಳಿಸಿದ ಗ್ರಂಥವೇ ಇದು!

ನಮಗೇನು?

ಪ್ರಿಯ ಓದುಗರೇ, ನಾವೆಲ್ಲರೂ ತಬರಿಗಳಾಗಲಾರೆವು. ಆದರೆ ಅವರ ದಾರಿಯಲ್ಲಿ ನಾಲ್ಕು ಹೆಜ್ಜೆ ಇಡಬಹುದು. ದಿನವನ್ನು ನಮಾಝ್‌ಗಳ ನಡುವೆ ಹಂಚಿಕೊಳ್ಳಿರಿ. ಕಾಗದದಲ್ಲಾಗಲಿ ಮೊಬೈಲಿನಲ್ಲಾಗಲಿ, ಮೂಲ ಸಹಿತ ಸ್ವಲ್ಪವೇ ಬರೆಯಿರಿ, ಬರೆದುದನ್ನು ಅದೇ ರಾತ್ರಿ ಓದಿರಿ, ವಾರಕ್ಕೊಮ್ಮೆ ಬೇಡದ್ದನ್ನು ಅಳಿಸಿರಿ. ನಿಮ್ಮ ದೇಹಕ್ಕೆ ಒಗ್ಗುವುದನ್ನು ಮಿತವಾಗಿ ತಿನ್ನಿರಿ, ಮಧ್ಯಾಹ್ನ ಸ್ವಲ್ಪ ವಿಶ್ರಮಿಸಿರಿ.

ನಾಲ್ಕನೆಯದು ನಿಮ್ಮ ಮನೆಯ ಹಿರಿಯರಿಗೆ ಸಂಬಂಧಿಸಿದ್ದು. ಅಜ್ಜ ಅಜ್ಜಿಯರಿಗೆ ಊಟ, ಔಷಧ ಕೊಟ್ಟು ಒಂದು ಮೂಲೆಯಲ್ಲಿ ಕೂರಿಸುವುದೇ ಸೇವೆಯೆಂದು ನಾವು ಭಾವಿಸಿದ್ದೇವೆ. ಅವರಿಗೆ ಕೆಲಸವೂ ಬೇಕು, ಕೇಳುವ ಕಿವಿಯೂ ಬೇಕು. ಇಮಾಮ್ ತಬರಿಯವರ ಸುತ್ತ ಕೊನೆಯ ದಿನದ ತನಕ ಶಿಷ್ಯರಿದ್ದರು. ನಿಮ್ಮ ಮಕ್ಕಳನ್ನು ಅವರ ಬಳಿ ಕೂರಿಸಿರಿ. ಅವರು ಕಂಡ ಊರು, ಕಟ್ಟಿದ ಮಸೀದಿ, ಕಲಿತ ದುಆ, ಕುಟುಂಬದ ಹಳೆಯ ಸಂಗತಿಗಳನ್ನು ಬರೆದುಕೊಳ್ಳಲು ಅಥವಾ ಮೊಬೈಲಿನಲ್ಲಿ ಧ್ವನಿಮುದ್ರಿಸಲು ಹೇಳಿರಿ. ಆಮುಲ್‌ನ ಜನರು ಒಂದು ಮಗುವಿನ ಹುಟ್ಟಿದ ವರ್ಷವನ್ನು ಬರೆದಿಡದೆ ಕಳಕೊಂಡರು. ನಾವು ನಮ್ಮ ಹಿರಿಯರ ಇಡೀ ಬದುಕನ್ನೇ ಹಾಗೆ ಕಳಕೊಳ್ಳುತ್ತಿದ್ದೇವೆ.

ಪರಲೋಕದಲ್ಲಿ ಆಯುಷ್ಯವನ್ನು ಯಾವುದರಲ್ಲಿ ಕಳೆದೆ, ಜ್ಞಾನದಿಂದ ಏನು ಮಾಡಿದೆ, ದೇಹವನ್ನು ಯಾವುದರಲ್ಲಿ ಸವೆಸಿದೆ ಎಂದು ಪ್ರತಿಯೊಬ್ಬನೊಡನೆಯೂ ವಿಚಾರಿಸಲಾಗುವುದು. ಆ ದಿನ ಉತ್ತರ ಕೊಡಲು ಸಾಧ್ಯವಾಗುವಂತಹ ಹಗಲುಗಳನ್ನೂ ರಾತ್ರಿಗಳನ್ನೂ ಅಲ್ಲಾಹನು ನಮಗೆ ಕರುಣಿಸಲಿ. ನಮ್ಮ ಆರೋಗ್ಯದಲ್ಲಿ, ಬಿಡುವಿನಲ್ಲಿ, ಮುಪ್ಪಿನಲ್ಲಿ ಬರ್ಕತ್ ನೀಡಲಿ. ಆಮೀನ್.